ದುರಂತದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆ ಪರಿಹಾರ: ಲೆಕ್ಕ ಹೇಗೆ, ಎಚ್ಚರ ಎಲ್ಲಿ

ಗುಡ್ಡ ಕುಸಿದಾಗ, ಬಸ್ಸಿಗೆ ಬೆಂಕಿ ಬಿದ್ದಾಗ, ರೈಲು ಹಳಿ ತಪ್ಪಿದಾಗ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ‘ಅಣ್ಣ ಅತ್ತಿಗೆ ಇಬ್ಬರೂ ಹೋದರು, ಮಕ್ಕಳು ನಮ್ಮ ಮನೆಯಲ್ಲಿದ್ದಾರೆ. ಅವರಿಗೆ ಎಷ್ಟು ಬರಬೇಕು? ಯಾರನ್ನು ಕೇಳಬೇಕು? ಅದೇ ಅಪಘಾತದಲ್ಲಿ ಸತ್ತ ಇನ್ನೊಬ್ಬರ ಮನೆಗೆ ಅಷ್ಟೊಂದು, ನಮಗೆ ಇಷ್ಟೇ ಏಕೆ?’ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆಯುತ್ತಿದ್ದೇನೆ. ಓದುತ್ತಿರುವವರು ಚಿಕ್ಕಪ್ಪನೋ ಸೋದರಮಾವನೋ ಅಜ್ಜಿಯೋ ಇರಬಹುದು. ಇಲ್ಲಿ ಎಲ್ಲರನ್ನೂ ಪಾಲಕರು ಎಂದೇ ಕರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನಮ್ಮ ನ್ಯಾಯಾಲಯಗಳು ಬಳಸುವ ಸೂತ್ರದಲ್ಲಿ ಮಗುವಿನ ವಯಸ್ಸು ಎಲ್ಲಿಯೂ ಬರುವುದಿಲ್ಲ. ಬರುವುದು ಸತ್ತವರ ವಯಸ್ಸು ಮತ್ತು ಸತ್ತವರ ಸಂಪಾದನೆ. ಎರಡು ವರ್ಷದ ಕೂಸನ್ನು ಬಿಟ್ಟುಹೋದ ತಂದೆಗೂ ಹದಿನೇಳರ ಮಗನನ್ನು ಬಿಟ್ಟುಹೋದ ತಂದೆಗೂ ಲೆಕ್ಕ ಒಂದೇ. ಹಾಗಾಗಿ ಮಗುವಿಗೆ ನ್ಯಾಯ ದೊರಕಿಸಲು ಪಾಲಕರಿಗೆ ಇರುವ ಎಡೆ ಮೂರು ಮಾತ್ರ: ಸಂಪಾದನೆ ಸಾಬೀತು ಮಾಡುವುದು, ಅವಲಂಬಿತರನ್ನು ಬಿಡದೆ ಎಣಿಸುವುದು, ಬಂದ ಹಣವನ್ನು ಹಂಚಿ ಇಡುವುದು. ಮೊದಲ ಎರಡಕ್ಕೆ ವಕೀಲರು ತಲೆ ಕೆಡಿಸಿಕೊಳ್ಳುತ್ತಾರೆ. ಮೂರನೆಯದರ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ, ಮಗುವಿನ ಪಾಲು ಸೋರಿಹೋಗುವುದು ಅಲ್ಲಿಯೇ.

1. ಯಾವ ಬಾಗಿಲು ಎಂದು ಗೊತ್ತುಮಾಡಿಕೊಳ್ಳಿ

ಸರ್ಕಾರ ಕೊಡುವ ಪರಿಹಾರಧನ ಬೇರೆ, ನಷ್ಟಪರಿಹಾರ ಬೇರೆ. ಪರಿಹಾರಧನಕ್ಕೆ ಯಾರ ತಪ್ಪನ್ನೂ ತೋರಿಸಬೇಕಿಲ್ಲ, ಮೊತ್ತ ನಿಗದಿಯಾಗಿರುತ್ತದೆ. ನಷ್ಟಪರಿಹಾರವನ್ನು ಕೊಡಬೇಕಾದವರು ಹೊಣೆಗಾರರು ಅಥವಾ ಅವರ ವಿಮಾ ಕಂಪನಿ, ಮತ್ತು ಅದನ್ನು ನಾವು ಕೇಳಿ ಪಡೆಯಬೇಕು. ಒಂದನ್ನು ಪಡೆದ ಮಾತ್ರಕ್ಕೆ ಇನ್ನೊಂದರ ಹಕ್ಕು ಹೋಗುವುದಿಲ್ಲ. ‘ಸರ್ಕಾರದ ಚೆಕ್ ಬಂತಲ್ಲ, ಇನ್ನೇನು’ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಪ್ರವಾಹ, ಭೂಕುಸಿತದಂತಹ ನೈಸರ್ಗಿಕ ವಿಪತ್ತು: ರಾಜ್ಯ ವಿಪತ್ತು ಸ್ಪಂದನಾ ನಿಧಿಯ ನಿಯಮದಂತೆ ಸತ್ತ ಪ್ರತಿ ವ್ಯಕ್ತಿಗೆ 4 ಲಕ್ಷ ರೂಪಾಯಿ. ರಾಜ್ಯ ಸರ್ಕಾರ ಇದಕ್ಕೆ ತನ್ನದೊಂದಿಷ್ಟು ಸೇರಿಸಬಹುದು, ಪ್ರಧಾನಿಯವರ ಪರಿಹಾರ ನಿಧಿಯಿಂದ ಪ್ರತ್ಯೇಕ ಘೋಷಣೆ ಆಗಬಹುದು. ಲೆಕ್ಕ ಸತ್ತವರ ತಲೆಗೆ, ಕುಟುಂಬಕ್ಕಲ್ಲ. ತಂದೆ ತಾಯಿ ಇಬ್ಬರೂ ಹೋಗಿದ್ದರೆ ಮಕ್ಕಳಿಗೆ ಎರಡು ಮೊತ್ತ ಬರಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮು ವಿಧವೆಯರಿಗೂ ಅನಾಥರಿಗೂ ವಿಶೇಷ ಏರ್ಪಾಡು ಇರಬೇಕು ಎನ್ನುತ್ತದೆ. ಮನವಿ ಬರೆಯುವಾಗ ಆ ಕಲಮನ್ನು ಹೆಸರಿಸಿ.

ಇಲ್ಲಿ ಸಮಾನತೆ ಹುಡುಕಲು ಹೊರಟರೆ ನಿರಾಸೆಯೇ ಗತಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ ಸತ್ತ 11 ಮಂದಿಯ ಕುಟುಂಬಗಳಿಗೆ ರಾಜ್ಯ ಸರ್ಕಾರ ಮೊದಲು 10 ಲಕ್ಷ ಘೋಷಿಸಿ ಬಳಿಕ 25 ಲಕ್ಷಕ್ಕೆ ಏರಿಸಿತು. ಮಳೆಗಾಲದ ಒಂದು ರಾತ್ರಿ ಗೋಡೆ ಬಿದ್ದು ಸತ್ತವರ ಮಕ್ಕಳಿಗೆ ಆ ಮೊತ್ತ ಕನಸಿನ ಮಾತು. ಸುದ್ದಿ ದೊಡ್ಡದಾದಷ್ಟೂ ಚೆಕ್ ದೊಡ್ಡದಾಗುತ್ತದೆ ಎಂದು ಜನ ಹೇಳುವುದು ಸುಮ್ಮನಲ್ಲ.

ರೈಲು ಅಪಘಾತ: ಸಾವಿಗೆ 8 ಲಕ್ಷ ರೂಪಾಯಿ. 2017ರ ಜನವರಿ 1ರಿಂದ ಜಾರಿಯಲ್ಲಿರುವ ಮೊತ್ತ ಇದು, ಅದಕ್ಕೂ ಮುಂಚೆ 4 ಲಕ್ಷವಿತ್ತು. ರೈಲ್ವೆಯ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಎಂಜಿನಿಯರ್ ಸತ್ತರೂ ಕೂಲಿಕಾರ ಸತ್ತರೂ ಅಷ್ಟೇ, ಒಂದು ಮಗು ಇದ್ದರೂ ಐದು ಇದ್ದರೂ ಅಷ್ಟೇ. ಅರ್ಜಿ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಗಡುವು ಒಂದು ವರ್ಷ. ಸಚಿವರು ಅಪಘಾತದ ಸ್ಥಳದಲ್ಲಿ ಘೋಷಿಸುವ ಹಣ ಈ 8 ಲಕ್ಷವಲ್ಲ. ಇದಕ್ಕೆ ನೀವೇ ಅರ್ಜಿ ಹಾಕಬೇಕು.

ಬಸ್ಸು, ಲಾರಿ, ಕಾರು: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಕೋರ್ಟಿನ ಆವರಣದಲ್ಲಿ ಎಲ್ಲರೂ ಎಂಎಸಿಟಿ ಎನ್ನುವುದು ಇದನ್ನೇ. ಅಪಘಾತ ಎಲ್ಲಿಯೇ ಆಗಿರಲಿ, ನೀವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. 2013ರ ಅಕ್ಟೋಬರ್ 30ರಂದು ಪಾಲೆಂ ಬಳಿ ಬೆಂಗಳೂರು–ಹೈದರಾಬಾದ್ ಬಸ್ ಸುಟ್ಟು 45 ಮಂದಿ ಸತ್ತಂತಹ ಪ್ರಕರಣದಲ್ಲಿ ಇದು ಸಣ್ಣ ಅನುಕೂಲವಲ್ಲ. 2022ರ ಏಪ್ರಿಲ್ 1ರಿಂದ ಗಡುವು ಆರು ತಿಂಗಳು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಹೋಗಿವೆ, ಆದರೆ ಆ ಭರವಸೆಯ ಮೇಲೆ ಕುಳಿತುಕೊಳ್ಳಬೇಡಿ.

ವಿಮಾನ: ಅಂತರರಾಷ್ಟ್ರೀಯ ಹಾರಾಟಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಅದು ಎರಡು ಮೆಟ್ಟಿಲಿನದು. ಮೊದಲನೆಯದರ ಮಿತಿಯವರೆಗೆ ಸಂಸ್ಥೆ ‘ನಮ್ಮ ತಪ್ಪಿಲ್ಲ’ ಎಂದು ಜಾರಿಕೊಳ್ಳುವಂತಿಲ್ಲ. ಅದರಾಚೆಗೆ ತನ್ನ ನಿರ್ಲಕ್ಷ್ಯ ಇಲ್ಲವೆಂದು ಸಂಸ್ಥೆಯೇ ತೋರಿಸಬೇಕು, ಇಲ್ಲವಾದರೆ ಹೊಣೆಗೆ ಮಿತಿಯಿಲ್ಲ. ಮೊದಲ ಮೆಟ್ಟಿಲಿನ ಮಿತಿ 2024ರ ಡಿಸೆಂಬರ್ 28ರಿಂದ 1,51,880 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ, ದಿನದ ದರದಂತೆ ರೂಪಾಯಿಗೆ ಬದಲಾಗುತ್ತದೆ. ಬಹಳ ಮಂದಿ ಇದನ್ನು ಕನಿಷ್ಠ ಮೊತ್ತ ಎಂದು ತಿಳಿಯುತ್ತಾರೆ. ಅಲ್ಲ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಮಂದಿ ಸತ್ತ ಬಳಿಕ, 2011ರಲ್ಲಿ, ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಪ್ರತಿ ಕುಟುಂಬಕ್ಕೆ ಕನಿಷ್ಠ ಸುಮಾರು 75 ಲಕ್ಷ ಎಂದಿತ್ತು. ಅದೇ ವರ್ಷ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿ ನಷ್ಟವನ್ನು ಸಾಬೀತು ಮಾಡಬೇಕು ಎಂದಿತು. ಗಡುವು ಎರಡು ವರ್ಷ. ಅದು ಮುಗಿದರೆ ಹಕ್ಕೇ ಅಳಿಯುತ್ತದೆ. ‘ಮಗು ಮೈನರ್, ದೊಡ್ಡವನಾದ ಮೇಲೆ ಕೇಳಬಹುದು’ ಎಂಬ ಸಲಹೆ ಇಲ್ಲಿ ಮನೆ ಮುಳುಗಿಸುತ್ತದೆ.

ಕಟ್ಟಡ ಕುಸಿತ, ಚಿತ್ರಮಂದಿರದ ಬೆಂಕಿ, ದೋಣಿ ಮುಳುಗಡೆ: ಇವುಗಳಿಗೆ ಸಿದ್ಧ ಬಾಗಿಲಿಲ್ಲ. ಸಿವಿಲ್ ದಾವೆ, ಗ್ರಾಹಕರ ಆಯೋಗ ಅಥವಾ ಹೈಕೋರ್ಟಿನ ರಿಟ್ ಅರ್ಜಿ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ, 20 ವರ್ಷ ಮೀರಿದ ಮೃತರಿಗೆ 10 ಲಕ್ಷ, ಅದಕ್ಕಿಂತ ಕಿರಿಯರಿಗೆ ಏಳೂವರೆ ಲಕ್ಷ ಎಂದು ಒಂದೇ ಅಳತೆಯಲ್ಲಿ ಗೊತ್ತುಮಾಡಿತು. ಹೈಕೋರ್ಟ್ ಕೊಟ್ಟದ್ದು 18 ಮತ್ತು 15 ಲಕ್ಷವಾಗಿತ್ತು. ಸತ್ತವರ ಹಿಂದೆ ಎಷ್ಟು ಮಕ್ಕಳಿದ್ದರು ಎಂಬುದಕ್ಕೆ ಆ ಅಳತೆಯಲ್ಲಿ ಜಾಗವಿರಲಿಲ್ಲ.

ಕೆಲಸದ ಸ್ಥಳದಲ್ಲಿ ಸಾವಾಗಿದ್ದರೆ ಇಎಸ್‌ಐ ಮತ್ತು ಭವಿಷ್ಯನಿಧಿ ಕಚೇರಿಗಳನ್ನು ಮರೆಯಬೇಡಿ. ನೌಕರರ ಪಿಂಚಣಿ ಯೋಜನೆಯಲ್ಲಿ ಮಕ್ಕಳಿಗೆ 25 ವರ್ಷದವರೆಗೆ ಪಿಂಚಣಿಯಿದೆ, ತಂದೆ ತಾಯಿ ಇಬ್ಬರೂ ಇಲ್ಲದವರಿಗೆ ಅದರ ದರ ಹೆಚ್ಚು.

2. ಮೊದಲ ತಿಂಗಳ ಕಾಗದಗಳು

ಎಫ್‌ಐಆರ್, ಪಂಚನಾಮೆ, ಶವಪರೀಕ್ಷೆ ವರದಿ, ಮರಣ ಪ್ರಮಾಣಪತ್ರ. ನಾಡಕಚೇರಿಯಿಂದ ವಂಶವೃಕ್ಷ ಮತ್ತು ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ. ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ, ಆಧಾರ್. ಪ್ರತಿಯೊಂದಕ್ಕೂ ದೃಢೀಕೃತ ನಕಲು ತೆಗೆಸಿಡಿ.

ವಂಶವೃಕ್ಷದಲ್ಲಿ ಯಾರನ್ನೂ ಬಿಡಬೇಡಿ. ಮದುವೆಯಾದ ಮಗಳು, ಹೊಟ್ಟೆಯಲ್ಲಿರುವ ಮಗು, ಎರಡನೆಯ ಸಂಬಂಧದ ಮಕ್ಕಳು, ಎಲ್ಲರೂ ಬರಬೇಕು. ಎರಡನೆಯ ಮದುವೆ ಕಾನೂನಿನ ಕಣ್ಣಿನಲ್ಲಿ ಊರ್ಜಿತವಲ್ಲದಿದ್ದರೂ ಅದರಿಂದ ಹುಟ್ಟಿದ ಮಕ್ಕಳನ್ನು ಹಿಂದೂ ವಿವಾಹ ಕಾಯ್ದೆಯ 16ನೇ ಕಲಮು ಔರಸರೆಂದೇ ಗಣಿಸುತ್ತದೆ. ಮಾನ ಹೋಗುತ್ತದೆ ಎಂದು ಹೆಸರು ಮುಚ್ಚಿಟ್ಟ ಕುಟುಂಬಗಳ ಪ್ರಕರಣ ವರ್ಷಗಟ್ಟಲೆ ನಿಂತುಹೋಗುತ್ತದೆ, ಮತ್ತು ಅಲ್ಲಿ ಹಣ ತಪ್ಪುವುದು ಎರಡೂ ಕಡೆಯ ಮಕ್ಕಳಿಗೆ.

ಶವ ಸಿಗದಿದ್ದರೆ? ಸಾಮಾನ್ಯ ಕಾನೂನು ಏಳು ವರ್ಷ ಕಾಯಿಸುತ್ತದೆ. ಏಳು ವರ್ಷ ಸುದ್ದಿಯಿಲ್ಲದವರನ್ನು ಮಾತ್ರ ಸತ್ತವರೆಂದು ಊಹಿಸಬಹುದು. ಆದರೆ ದೊಡ್ಡ ವಿಪತ್ತಿನಲ್ಲಿ ಸರ್ಕಾರ ವಿಶೇಷ ಆದೇಶ ಹೊರಡಿಸಿ, ವಿಚಾರಣೆ ನಡೆಸಿ, ಆಕ್ಷೇಪಣೆ ಕರೆದು ಮರಣ ನೋಂದಾಯಿಸುತ್ತದೆ. 2013ರ ಕೇದಾರನಾಥ ಪ್ರವಾಹದಲ್ಲಿ ಹೀಗೆ ಆಯಿತು, 2024ರ ಜುಲೈ 30ರ ವಯನಾಡು ಭೂಕುಸಿತದ ಬಳಿಕವೂ ಆಯಿತು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಲಾರಿಯೊಳಗಿದ್ದ ಚಾಲಕನ ದೇಹ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಹಾಗಾಗಿ ಕಾಯುವ ದಿನಗಳಲ್ಲಿಯೇ ಕಾಣೆಯಾದವರ ದೂರು ದಾಖಲಿಸಿ, ಡಿಎನ್‌ಎ ಪರೀಕ್ಷೆಗೆ ಮಕ್ಕಳ ರಕ್ತದ ಮಾದರಿ ಕೊಟ್ಟು ಅದರ ಸ್ವೀಕೃತಿ ಪಡೆಯಿರಿ. ಆ ಸ್ಥಳದಲ್ಲಿ ಅವರು ಇದ್ದರು ಎನ್ನುವುದಕ್ಕೆ ಏನಾದರೊಂದು ಬೇಕು: ಟಿಕೆಟ್, ಕೊನೆಯ ಫೋನ್ ಕರೆಯ ವಿವರ, ಟೋಲ್ ಗೇಟಿನ ದಾಖಲೆ, ಅಕ್ಕಪಕ್ಕದವರ ಹೇಳಿಕೆ.

3. ಮಗುವಿನ ಪರವಾಗಿ ಯಾರು

ತಂದೆ ತಾಯಿಯಲ್ಲಿ ಒಬ್ಬರಿದ್ದರೆ ಅವರೇ ಸಹಜ ಪಾಲಕರು. ಇಬ್ಬರೂ ಇಲ್ಲದಿದ್ದರೆ ಹತ್ತಿರದ ಬಂಧು ‘ನೆಕ್ಸ್ಟ್ ಫ್ರೆಂಡ್’ ಆಗಿ, ಅಂದರೆ ಅಪ್ರಾಪ್ತ ಮಗುವಿನ ಪರವಾಗಿ ಪ್ರಕರಣ ನಡೆಸುವವರಾಗಿ, ಅರ್ಜಿ ಹಾಕಬಹುದು. ಅಷ್ಟಕ್ಕೆ ಬೇರೆ ಆದೇಶ ಬೇಕಿಲ್ಲ. ಮಗುವಿನ ಆಸ್ತಿ, ಬ್ಯಾಂಕ್ ಖಾತೆಗಳ ವ್ಯವಹಾರಕ್ಕೆ ಮಾತ್ರ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯದ ಆದೇಶ ಬೇಕಾಗಬಹುದು.

ಇಲ್ಲೊಂದು ನಾಜೂಕಿನ ವಿಷಯವಿದೆ. ಅಜ್ಜಿ ಮೊಮ್ಮಗನ ಪರವಾಗಿಯೂ ಅರ್ಜಿ ಹಾಕುತ್ತಾಳೆ, ಮಗನನ್ನು ಕಳೆದುಕೊಂಡ ತಾಯಿಯಾಗಿ ತನ್ನ ಪಾಲನ್ನೂ ಕೇಳುತ್ತಾಳೆ. ತಪ್ಪೇನಿಲ್ಲ, ಆಕೆಗೂ ಹಕ್ಕಿದೆ. ಆದರೆ ಹಂಚಿಕೆಯ ಹೊತ್ತಿಗೆ ಇಬ್ಬರ ಹಿತ ಎದುರುಬದುರು ನಿಲ್ಲುತ್ತದೆ. ಅಂಥ ಕಡೆ ಮಗುವಿನ ಪರವಾಗಿ ಬೇರೊಬ್ಬರು ನಿಲ್ಲುವುದೇ ಸರಿ. ಮನೆಯಲ್ಲಿ ಈ ಮಾತು ಎತ್ತುವುದು ಕಷ್ಟ, ಗೊತ್ತಿದೆ. ಎತ್ತಲೇಬೇಕು.

ಇನ್ನು ವಕೀಲರ ಖರ್ಚು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಕ್ಕಳಿಗೂ ಸಾಮೂಹಿಕ ದುರಂತ, ಪ್ರವಾಹ, ಕೈಗಾರಿಕಾ ದುರಂತದ ಸಂತ್ರಸ್ತರಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ 15100. ಆಸ್ಪತ್ರೆಯ ಬಾಗಿಲಲ್ಲಿಯೇ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳಲು ಬರುವವರು ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎಂದರೆ ಕೈ ಮುಗಿದು ಕಳಿಸಿ. ಪರಿಹಾರದ ಮೊತ್ತದಲ್ಲಿ ಪಾಲು ಕೇಳುವುದು ವಕೀಲರ ವೃತ್ತಿನಿಯಮಕ್ಕೆ ವಿರುದ್ಧ.

ಜೊತೆಗೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಹಾಜರುಪಡಿಸುವುದೆಂದರೆ ಮಗುವನ್ನು ಕಿತ್ತುಕೊಂಡು ಅನಾಥಾಲಯಕ್ಕೆ ಹಾಕುತ್ತಾರೆ ಎಂಬ ಹೆದರಿಕೆ ಹಳ್ಳಿಗಳಲ್ಲಿದೆ. ಮಗು ಬಂಧುಗಳ ಮನೆಯಲ್ಲಿ ಚೆನ್ನಾಗಿದ್ದರೆ ಹಾಗೆ ಮಾಡುವುದಿಲ್ಲ.

4. ಸಂಪಾದನೆ ಸಾಬೀತು ಮಾಡುವುದು

ಸಂಬಳದ ಚೀಟಿ ಇದ್ದವರಿಗೆ ಇದು ಸುಲಭ ಎನ್ನುವಂತಿಲ್ಲ. ಎದುರು ಪಕ್ಷದವರು ಮೂಲವೇತನ ಮಾತ್ರ ಸಂಬಳ, ಭತ್ಯೆಗಳೆಲ್ಲ ಬೇರೆ ಎಂದು ಕತ್ತರಿ ಹಾಕುತ್ತಾರೆ. ಮಂಗಳೂರು ವಿಮಾನ ದುರಂತದಲ್ಲಿ ಸತ್ತ 45 ವರ್ಷದ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಈ ಕತ್ತರಿಯನ್ನು ತಡೆಯಿತು. ಉದ್ಯೋಗದಾತ ತನ್ನ ಅನುಕೂಲಕ್ಕೆ ಸಂಬಳವನ್ನು ಹೋಳು ಮಾಡಿದ್ದರೂ ಅದು ಸಂಬಳವೇ ಎಂದು ಹೇಳಿ, 7 ಕೋಟಿ 64 ಲಕ್ಷಕ್ಕೂ ಹೆಚ್ಚು ಮೊತ್ತವನ್ನು ಬಡ್ಡಿಸಹಿತ ಕೊಡಿಸಿತು. ದುರಂತವಾಗಿ ಹತ್ತು ವರ್ಷ ಕಳೆದಿತ್ತು ಎನ್ನುವುದನ್ನೂ ಗಮನಿಸಿ.

ಗಾರೆ ಕೆಲಸದವರು, ಹಮಾಲಿ, ಆಟೊ ಓಡಿಸುವವರು, ತರಕಾರಿ ಗಾಡಿಯವರು, ಇವರ ಮಕ್ಕಳಿಗೇ ಇಲ್ಲಿ ದೊಡ್ಡ ಪೆಟ್ಟು. ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ. ಕರ್ನಾಟಕದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ಮಾಡಿಕೊಂಡ ವರ್ಷವಾರು ಪಟ್ಟಿಯನ್ನು ಹೈಕೋರ್ಟ್ ಕೂಡ ಬಳಸುತ್ತದೆ. ಅಪಘಾತದ ವರ್ಷಕ್ಕೆ ಅದರಲ್ಲಿ ಎಷ್ಟಿದೆ ಎಂದು ವಕೀಲರನ್ನು ಕೇಳಿ, ಅದಕ್ಕಿಂತ ಕೆಳಗೆ ಇಳಿಯಲು ಒಪ್ಪಬೇಡಿ. ಅದಕ್ಕಿಂತ ಮೇಲೆ ಹೋಗಲು ಪುರಾವೆ ಬೇಕು. ಮೇಸ್ತ್ರಿಯ ಹಾಜರಿ ಪುಸ್ತಕ, ಕಟ್ಟಡ ಕಾರ್ಮಿಕರ ಮಂಡಳಿಯ ಗುರುತಿನ ಚೀಟಿ, ಫೋನ್‌ಪೇ ಮತ್ತು ಗೂಗಲ್ ಪೇ ಜಮೆಗಳ ಪಟ್ಟಿ, ಸ್ವಸಹಾಯ ಸಂಘದ ಸಾಲದ ಕಂತು ಕಟ್ಟಿದ ಪುಸ್ತಕ, ಚೀಟಿ ವ್ಯವಹಾರದ ಲೆಕ್ಕ. ತಿಂಗಳಿಗೆ 9,000 ಕಂತು ಕಟ್ಟುತ್ತಿದ್ದವನ ಆದಾಯ 10,000 ಇರಲಾರದು, ಈ ವಾದ ನಿಲ್ಲುತ್ತದೆ.

ಒಂದು ಹಳ್ಳವಿದೆ: ಆದಾಯ ಪ್ರಮಾಣಪತ್ರ. ರೇಷನ್ ಕಾರ್ಡ್‌ಗೋ ವಿದ್ಯಾರ್ಥಿವೇತನಕ್ಕೋ ಎಂದು ವರ್ಷಕ್ಕೆ 30,000 ಎಂದು ಬರೆಸಿದ ಕಾಗದ ಪ್ರತಿ ಮನೆಯಲ್ಲಿಯೂ ಇರುತ್ತದೆ. ವಿಮಾ ಕಂಪನಿಯ ವಕೀಲರು ಅದನ್ನೇ ಎತ್ತಿ ಹಿಡಿಯುತ್ತಾರೆ. ಅದನ್ನು ಯಾವ ಉದ್ದೇಶಕ್ಕೆ, ಯಾವಾಗ ಪಡೆದದ್ದು ಎಂದು ನಿಮ್ಮ ಕಡೆಯಿಂದಲೇ ಮೊದಲು ತಿಳಿಸಿಬಿಡುವುದು ಮೇಲು. ಅಡ್ಡಪ್ರಶ್ನೆಯಲ್ಲಿ ತೊದಲುವಂತಾಗಬಾರದು.

5. ಲೆಕ್ಕವನ್ನು ನೀವೇ ಒಮ್ಮೆ ಮಾಡಿ

ವಕೀಲರು ‘ಸರಳಾ ವರ್ಮಾ’, ‘ಪ್ರಣಯ್ ಸೇಠಿ’ ಎಂದರೆ ಅವು 2009 ಮತ್ತು 2017ರ ಎರಡು ಸುಪ್ರೀಂ ಕೋರ್ಟ್ ತೀರ್ಪುಗಳು. ಮೋಟಾರು ಅಪಘಾತಕ್ಕೆಂದು ರೂಪಿಸಿದ ಸೂತ್ರವಾದರೂ ಬೇರೆ ದುರಂತಗಳಲ್ಲಿಯೂ ನ್ಯಾಯಾಲಯಗಳು ಇದನ್ನೇ ಎರವಲು ತರುತ್ತವೆ.

ಉದಾಹರಣೆಗೆ, 34 ವರ್ಷದ ಗಾರೆ ಕೆಲಸದವರು, ತಿಂಗಳಿಗೆ 18,000 ಸಂಪಾದನೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ.

ಮೊದಲು ಭವಿಷ್ಯದ ಏರಿಕೆ ಸೇರಿಸಿ. ಸ್ವಂತ ದುಡಿಮೆಯವರಿಗೆ 40ಕ್ಕಿಂತ ಕಡಿಮೆ ವಯಸ್ಸಾದರೆ ಶೇ 40, 40ರಿಂದ 50ಕ್ಕೆ ಶೇ 25, 50ರಿಂದ 60ಕ್ಕೆ ಶೇ 10. ಕಾಯಂ ನೌಕರರಿಗೆ ಇದೇ ಕ್ರಮದಲ್ಲಿ 50, 30, 15. ನಮ್ಮ ಲೆಕ್ಕದಲ್ಲಿ 18,000ಕ್ಕೆ 7,200 ಸೇರಿ 25,200.

ಬಳಿಕ ಅವರು ತಮಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದುದನ್ನು ಕಳೆಯಿರಿ. ಅವಲಂಬಿತರು ಎರಡು ಅಥವಾ ಮೂವರಾದರೆ ಮೂರನೇ ಒಂದು, ನಾಲ್ಕರಿಂದ ಆರಾದರೆ ಕಾಲು ಭಾಗ, ಅದಕ್ಕೂ ಹೆಚ್ಚಾದರೆ ಐದನೇ ಒಂದು. ಇಲ್ಲಿ ನಾಲ್ವರು. ಕಾಲು ಭಾಗ ಕಳೆದರೆ ತಿಂಗಳಿಗೆ 18,900, ವರ್ಷಕ್ಕೆ 2,26,800.

ಇದನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿ. ಸತ್ತವರ ವಯಸ್ಸಿಗೆ ತಕ್ಕ ಗುಣಕ ಅದು. 25ರವರೆಗೆ 18, 26–30ಕ್ಕೆ 17, 31–35ಕ್ಕೆ 16, 36–40ಕ್ಕೆ 15, 41–45ಕ್ಕೆ 14, 46–50ಕ್ಕೆ 13, ಮುಂದೆ 11, 9, 7, 65 ದಾಟಿದರೆ 5. ನಮ್ಮದು 16. ಒಟ್ಟು 36,28,800.

ಕೊನೆಗೆ ಸಣ್ಣ ಬಾಬುಗಳು. ಅಂತ್ಯಕ್ರಿಯೆ ಮತ್ತು ಆಸ್ತಿನಷ್ಟಕ್ಕೆ 15,000 ತಲಾ, ‘ಕನ್ಸಾರ್ಟಿಯಂ’ 40,000. ಇವು ಮೂರು ವರ್ಷಕ್ಕೊಮ್ಮೆ ಶೇ 10 ಏರಬೇಕೆಂದು 2017ರ ತೀರ್ಪೇ ಹೇಳಿರುವುದರಿಂದ 2023ರ ಏರಿಕೆಯ ಬಳಿಕ 18,150 ಮತ್ತು 48,400 ಹಿಡಿಯಲಾಗುತ್ತಿದೆ. ಕನ್ಸಾರ್ಟಿಯಂ ಎಂದರೆ ಹೋದವರ ಒಡನಾಟ, ಆಸರೆ, ಅಕ್ಕರೆ ತಪ್ಪಿದ್ದಕ್ಕೆ ಕೊಡುವ ಹಣ. 2018ರ ಇನ್ನೊಂದು ತೀರ್ಪಿನಂತೆ ಅದು ಹೆಂಡತಿಗೆ ಮಾತ್ರವಲ್ಲ, ಪ್ರತಿ ಮಗುವಿಗೂ ಪ್ರತ್ಯೇಕ, ತಂದೆ ತಾಯಿಗೂ ಪ್ರತ್ಯೇಕ. ನಾಲ್ವರಿಗೆ 1,93,600. ಎಲ್ಲ ಸೇರಿ 38,58,700 ರೂಪಾಯಿ, ಅದರ ಮೇಲೆ ಅರ್ಜಿಯ ದಿನದಿಂದ ಬಡ್ಡಿ.

ಈಗ ಇದೇ ಲೆಕ್ಕವನ್ನು ಕೆಡಿಸಿ ನೋಡಿ. ‘ತಾಯಿ ಇನ್ನೊಬ್ಬ ಮಗನ ಮನೆಯಲ್ಲಿದ್ದಾರೆ’ ಎಂದು ಅಜ್ಜಿಯ ಹೆಸರು ಬಿಟ್ಟರೆ ಅವಲಂಬಿತರು ಮೂವರಾಗುತ್ತಾರೆ, ಕಳೆಯುವುದು ಮೂರನೇ ಒಂದಾಗುತ್ತದೆ. ಗುಣಿಸಿದ ಮೊತ್ತ 32,25,600ಕ್ಕೆ ಇಳಿಯುತ್ತದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಹೋಯಿತು, ಹೋದದ್ದು ಮಕ್ಕಳ ತಟ್ಟೆಯಿಂದಲೂ. ಆದಾಯವನ್ನು 18,000ದ ಬದಲು 12,000 ಎಂದು ಹಿಡಿದರೆ 12 ಲಕ್ಷಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಮಗುವಿನ ಪ್ರೀತಿಯ ನಷ್ಟಕ್ಕೆ 48,400, ತಂದೆಯ ಸಂಬಳದ ಚೀಟಿ ಕಾಣೆಯಾದದ್ದಕ್ಕೆ 12 ಲಕ್ಷ. ಸೂತ್ರದ ಒಲವು ಯಾವ ಕಡೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಸ್ಥಾಪಿಸಿದ ಪರಿಹಾರ ನಿಧಿಯೂ ಸಂಪಾದನೆಯ ಮೇಲೆಯೇ ನಿಂತಿತ್ತು, ಅದಕ್ಕೆ ಟೀಕೆಯೂ ಬಂತು. ಆದರೆ ಅಲ್ಲಿ ಸತ್ತವರ ಸಂಪಾದನೆ ಏನೇ ಇರಲಿ, ನೋವಿನ ಬಾಬಿನಲ್ಲಿ 2,50,000 ಡಾಲರ್, ಸಂಗಾತಿಗೂ ಪ್ರತಿ ಅವಲಂಬಿತ ಮಗುವಿಗೂ ಮತ್ತೆ ತಲಾ 1,00,000 ಡಾಲರ್ ಇತ್ತು. ಮಗು ಒಂದು ಹೆಚ್ಚಿದ್ದರೆ ಮೊತ್ತ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತಿತ್ತು.

ಜೀವವಿಮೆ, ಭವಿಷ್ಯನಿಧಿ, ಕುಟುಂಬ ಪಿಂಚಣಿ ಬಂದಿದೆ ಎಂದು ಈ ಮೊತ್ತದಲ್ಲಿ ಕಳೆಯುವಂತಿಲ್ಲ. ಸತ್ತವರು ತಮ್ಮ ದುಡಿಮೆಯಿಂದ ಕಟ್ಟಿಕೊಂಡದ್ದು ತಪ್ಪಿತಸ್ಥನ ಲಾಭಕ್ಕಲ್ಲ. ಸರ್ಕಾರಿ ನೌಕರರ ಕುಟುಂಬಕ್ಕೆ ಕೆಲವು ರಾಜ್ಯಗಳಲ್ಲಿ ಸಾವಿನ ನಂತರವೂ ಕೆಲವು ವರ್ಷ ಪೂರ್ತಿ ಸಂಬಳದಷ್ಟೇ ನೆರವು ಬರುವ ನಿಯಮವಿದ್ದರೆ ಮಾತ್ರ ಆ ಭಾಗವನ್ನು ಕಳೆಯುತ್ತಾರೆ.

6. ತಾಯಿ ಸತ್ತಿದ್ದರೆ

‘ಅವರು ಮನೆಯಲ್ಲಿದ್ದರು, ಸಂಪಾದನೆ ಇರಲಿಲ್ಲ’ ಎಂದು ಅರ್ಜಿಯಲ್ಲಿ ಬರೆಯಬೇಡಿ. 1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯ ಸಂಸ್ಥಾಪಕರ ದಿನಾಚರಣೆಯಲ್ಲಿ ಬೆಂಕಿ ಹತ್ತಿ 60 ಮಂದಿ ಸತ್ತರು, ಬಹುಪಾಲು ಹೆಂಗಸರು ಮಕ್ಕಳು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ, 34ರಿಂದ 59 ವರ್ಷದ ಗೃಹಿಣಿಯರ ಮನೆಗೆಲಸಕ್ಕೆ ತಿಂಗಳಿಗೆ 3,000 ಬೆಲೆ ಕಟ್ಟಿತು. 2021ರಲ್ಲಿ ಅದೇ ನ್ಯಾಯಾಲಯ ಗೃಹಿಣಿಯ ಅಂದಾಜು ಆದಾಯಕ್ಕೂ ಭವಿಷ್ಯದ ಏರಿಕೆ ಸೇರಿಸಬೇಕು ಎಂದಿತು. ಆದ್ದರಿಂದ ಇಬ್ಬರೂ ಸತ್ತಿದ್ದರೆ ಎರಡು ಅರ್ಜಿ, ಎರಡು ಲೆಕ್ಕ. ಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದರೆ ಹಾಲಿನ ಪಾಸ್‌ಬುಕ್ ತನ್ನಿ. ಬೀಡಿ ಕಟ್ಟುತ್ತಿದ್ದರೆ, ಹೊಲಿಗೆ ಹಾಕುತ್ತಿದ್ದರೆ ಅದೂ ದುಡಿಮೆಯೇ.

ಜಮ್‌ಶೆಡ್‌ಪುರದ ತೀರ್ಪಿನಲ್ಲಿ ಇನ್ನೊಂದು ಸಂಗತಿ ಇದೆ. ಸತ್ತ 10ರಿಂದ 15 ವರ್ಷದ ಮಕ್ಕಳ ಪರಿಹಾರವನ್ನು ನ್ಯಾಯಾಲಯ ಹೆಚ್ಚಿಸಲು ಒಂದು ಕಾರಣ, ಕಾರ್ಖಾನೆಯಲ್ಲಿ ನೌಕರನ ಒಂದು ಮಗುವಿಗೆ ಕೆಲಸ ಕೊಡುವ ಪದ್ಧತಿಯಿತ್ತು ಎನ್ನುವುದು. ಅಂದರೆ ಮಗುವಿನ ಬೆಲೆ ಅಪ್ಪ ಯಾವ ಕಾರ್ಖಾನೆಯಲ್ಲಿದ್ದ ಎಂಬುದರ ಮೇಲೆ ನಿಂತಿತು. ಅದು ಆ ಪೋಷಕರಿಗೆ ಅನುಕೂಲವಾಯಿತು, ನಿಜ. ತತ್ವವಾಗಿ ನನಗೆ ಅದು ಹಿಡಿಸುವುದಿಲ್ಲ.

7. ಹಂಚಿಕೆ: ಇಲ್ಲಿ ಎದ್ದು ನಿಂತು ಮಾತನಾಡಿ

ಒಟ್ಟು ಮೊತ್ತವನ್ನು ಯಾರಿಗೆ ಎಷ್ಟು ಎಂದು ಹಂಚಲು ಕಾನೂನಿನಲ್ಲಿ ಪಟ್ಟಿಯಿಲ್ಲ. ನ್ಯಾಯಾಧೀಶರ ವಿವೇಚನೆ. ಯಾರೂ ಏನೂ ಹೇಳದಿದ್ದರೆ ಹೆಂಡತಿಗೆ ದೊಡ್ಡ ಪಾಲು, ಮಕ್ಕಳಿಗೆ ಸಮಪಾಲು, ಅಜ್ಜ ಅಜ್ಜಿಗೆ ಸ್ವಲ್ಪ ಎಂದು ಆದೇಶದ ಕೊನೆಯ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ.

ಸಮಪಾಲು ನ್ಯಾಯವೇ? 15 ವರ್ಷದ ಅಕ್ಕ, 4 ವರ್ಷದ ತಮ್ಮ ಇದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರಿಗೂ 6 ಲಕ್ಷ, 18 ವರ್ಷ ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ. ಅಕ್ಕನಿಗೆ ಮೂರು ವರ್ಷದಲ್ಲಿ ಹಣ ಸಿಗುತ್ತದೆ. ತಮ್ಮನದು ಹದಿನಾಲ್ಕು ವರ್ಷ ಕೂರುತ್ತದೆ. ಬಡ್ಡಿ ಶೇ 7 ಇದ್ದು ಅದನ್ನು ಮುಟ್ಟದಿದ್ದರೆ ಅದು ಸುಮಾರು 15 ಲಕ್ಷವಾಗುತ್ತದೆ, ತಮ್ಮನೇ ಗೆದ್ದ ಎನಿಸುತ್ತದೆ. ಆದರೆ ಅವನನ್ನು ಹದಿನಾಲ್ಕು ವರ್ಷ ಸಾಕುವವರು ಯಾರು? ಶಾಲೆಯ ಶುಲ್ಕಕ್ಕೆ ಎಂದು ತಿಂಗಳ ಬಡ್ಡಿ 3,500 ತೆಗೆಯುತ್ತಾ ಹೋದರೆ 18ನೇ ವರ್ಷಕ್ಕೆ ಕೈಗೆ ಬರುವುದು ಅದೇ 6 ಲಕ್ಷ. ಬೆಲೆ ಏರಿಕೆ ವರ್ಷಕ್ಕೆ ಶೇ 6 ಎಂದರೂ ಅಂದಿನ ಆ 6 ಲಕ್ಷಕ್ಕೆ ಇಂದಿನ ಎರಡೂವರೆ ಲಕ್ಷ ಚಿಲ್ಲರೆಯ ಬೆಲೆ. ಸಾಕಿದವರೂ ಬಡವಾದರು, ಹುಡುಗನೂ ಬಡವಾದ.

ನನ್ನ ಸಲಹೆ ಇಷ್ಟು. ವಾದ ಮುಗಿಯುವ ಮುನ್ನ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಪುಟದ ಮೆಮೊ ಸಲ್ಲಿಸಿ: ವಯಸ್ಸು, ಯಾವ ತರಗತಿ, ಈಗಿನ ಶುಲ್ಕ, 18 ತುಂಬಲು ಉಳಿದ ವರ್ಷ, ಕಾಯಿಲೆ ಅಥವಾ ಅಂಗವೈಕಲ್ಯ ಇದ್ದರೆ ವೈದ್ಯರ ಪತ್ರ. ಕಿರಿಯ ಮಗುವಿಗೆ ಪಾಲು ತುಸು ಹೆಚ್ಚಿರಲಿ ಎಂದು ಕಾರಣ ಕೊಟ್ಟು ಕೇಳಿ. ಅಂಗವಿಕಲ ಮಗುವಿಗೆ 18ಕ್ಕೆ ಅವಲಂಬನೆ ಮುಗಿಯುವುದಿಲ್ಲ ಎನ್ನುವುದನ್ನು ಬಿಡಿಸಿ ಬರೆಯಿರಿ. ತಾಯಿ ಮುಂದೆ ಮರುಮದುವೆಯಾದರೂ ಮಗುವಿನ ಪಾಲಿಗೆ ಯಾರೂ ಕೈ ಹಾಕುವಂತಿಲ್ಲ. ಹಾಗೆಯೇ ಮರುಮದುವೆಯ ಕಾರಣಕ್ಕೆ ತಾಯಿಯ ಪಾಲನ್ನು ಕಿತ್ತುಕೊಳ್ಳಲು ಮಾವನ ಮನೆಯವರು ಹೂಡುವ ವಾದವನ್ನೂ ನ್ಯಾಯಾಲಯಗಳು ಒಪ್ಪಿಲ್ಲ.

ಸರ್ಕಾರದ ಪರಿಹಾರಧನದಲ್ಲಿ ಹಂಚಿಕೆಯ ಮಾತೇ ಬರುವುದಿಲ್ಲ, ಹಣ ಮನೆಯ ಹಿರಿಯರೊಬ್ಬರ ಖಾತೆಗೆ ಬಿದ್ದುಬಿಡುತ್ತದೆ. ಮೊತ್ತ ಬಿಡುಗಡೆಯಾಗುವ ಮುನ್ನವೇ ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು, ಮಕ್ಕಳ ಹೆಸರಿನ ಖಾತೆಗೆ ಹಾಕುವಂತೆ ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

8. ಠೇವಣಿ ಮತ್ತು ಸಹಿ

ಅಪ್ರಾಪ್ತರ ಹಣವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ದೀರ್ಘ ಅವಧಿಗೆ ಇಡಬೇಕು, ಅದರ ಮೇಲೆ ಸಾಲ ಕೊಡಬಾರದು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 1994ರಲ್ಲಿಯೇ ಹಾಕಿದೆ. ಒಳ್ಳೆಯ ಉದ್ದೇಶ. ಆದರೆ ಯಾಂತ್ರಿಕವಾಗಿ ಎಲ್ಲರ ಹಣವನ್ನೂ ಬೀಗ ಹಾಕಿಡಬಾರದು ಎಂದು 2012ರಲ್ಲಿ ಅದೇ ನ್ಯಾಯಾಲಯ ಹೇಳಬೇಕಾಯಿತು. ಮಗುವಿನ ಪಾಲನ್ನು ಎರಡು ಠೇವಣಿಯಾಗಿ ಮಾಡಲು ಕೇಳಿ. ಒಂದರ ಬಡ್ಡಿ ತಿಂಗಳಿಗೊಮ್ಮೆ ಓದಿಗೆ ಬರಲಿ, ಇನ್ನೊಂದು ಬಡ್ಡಿಗೆ ಬಡ್ಡಿ ಸೇರಿ ಬೆಳೆಯಲಿ. ಮೇಲಿನ ಉದಾಹರಣೆಯಲ್ಲಿ 3 ಲಕ್ಷದ ಮೇಲೆ ತಿಂಗಳಿಗೆ 1,750 ಬರುತ್ತದೆ, ಉಳಿದ 3 ಲಕ್ಷ ಹದಿನಾಲ್ಕು ವರ್ಷದಲ್ಲಿ 7.7 ಲಕ್ಷ ದಾಟುತ್ತದೆ. ಕಾಲೇಜು ಶುಲ್ಕಕ್ಕೋ ಶಸ್ತ್ರಚಿಕಿತ್ಸೆಗೋ ಅಸಲು ಬೇಕಾದರೆ ರಸೀದಿ, ಅಂದಾಜುಪಟ್ಟಿ ಲಗತ್ತಿಸಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.

ರಾಜಿಯ ಕಾಗದ ಮುಂದಿಟ್ಟಾಗ ಪೂರ್ತಿ ಓದಿ. ಮಧ್ಯಂತರ ಹಣ ಕೊಡುವಾಗಲೇ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಸಾಲು ಸೇರಿಸಿರುತ್ತಾರೆ. ಮುಂಗಡ ಹಣವನ್ನು ಮುಂಗಡ ಎಂದೇ ಬರೆಸಿ ಪಡೆಯಿರಿ. ಪ್ರಕರಣ ನಡೆಯುತ್ತಿರುವಾಗ ಅಪ್ರಾಪ್ತ ಮಗುವಿನ ಪರವಾಗಿ ರಾಜಿಯಾಗಲು ನ್ಯಾಯಾಲಯದ ಅನುಮತಿ ಬೇಕೇ ಬೇಕು, ಇಲ್ಲದಿದ್ದರೆ ಆ ರಾಜಿಯನ್ನು ಮಗು ಮುಂದೆ ಪ್ರಶ್ನಿಸಬಹುದು. ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ, ನಿಜ. ಆದರೆ ಅಲ್ಲಿನ ಆದೇಶಕ್ಕೆ ಮೇಲ್ಮನವಿಯಿಲ್ಲ. ಐದನೇ ಹಂತದ ಲೆಕ್ಕ ಬರೆದ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಆದೇಶ ಕೈಗೆ ಬಂದ ದಿನ ಮೊತ್ತ ನೋಡುವ ಮೊದಲು ಮಗುವಿನ ಹೆಸರು, ತಂದೆಯ ಹೆಸರು, ಜನ್ಮದಿನಾಂಕ ನೋಡಿ. ಆದೇಶದಲ್ಲಿ ‘ಮಂಜು’, ಆಧಾರ್‌ನಲ್ಲಿ ‘ಮಂಜುನಾಥ’, ಶಾಲೆಯಲ್ಲಿ ‘ಮಂಜುನಾಥ ಎಚ್.’ ಎಂದಿದ್ದರೆ ಹದಿನೆಂಟು ತುಂಬಿದ ಹುಡುಗನನ್ನು ಬ್ಯಾಂಕಿನವರು ತಿಂಗಳುಗಟ್ಟಲೆ ಅಲೆದಾಡಿಸುತ್ತಾರೆ. ತಿದ್ದುಪಡಿಗೆ ಆಗಲೇ ಅರ್ಜಿ ಹಾಕಿ, ಠೇವಣಿ ರಸೀದಿಯಲ್ಲಿ ಆಧಾರ್‌ನಲ್ಲಿರುವ ಹೆಸರೇ ಬರುವಂತೆ ನೋಡಿಕೊಳ್ಳಿ. ಆದೇಶದ ದೃಢೀಕೃತ ನಕಲಿನ ಒಂದು ಪ್ರತಿ ಬ್ಯಾಂಕಿನ ಕಡತದಲ್ಲಿಯೂ ಇರಲಿ.